ಬೊಂಬೆಯ ಮುಡಿಗೊಂದು ಆಭರಣ: ಬ್ಲಡ್‌ಬೋರ್ನ್ ಆಟದ ವಿಮರ್ಶೆ

ಬ್ಲಡ್‌ಬೋರ್ನ್ ಎಂಬ ವಿಡಿಯೊ ಆಟವನ್ನು ನಾನು ಎರಡು ಬಾರಿ ಮುಗಿಸಿದ್ದೇನೆ. ಮೊದಲ ಬಾರಿ ಆಡಿದಾಗ ಗಮನವೆಲ್ಲ ಸಾಯದೆ ಮುಂದಿನ ದೀಪದವರೆಗೆ, ಅಂದರೆ ಸತ್ತರೆ ಮತ್ತೆ ಆಟ ಶುರುವಾಗುವ ತಾಣದವರೆಗೆ, ತಲುಪುವುದರಲ್ಲೇ ಇತ್ತು. ಎರಡನೆಯ ಬಾರಿ ಆಡಿದ್ದು ಕಳೆದ ಮಳೆಗಾಲದಲ್ಲಿ. ಹಾಸನದ ನಮ್ಮ ಮನೆಗೆ ರಜೆಗೆಂದು ಬಂದಿದ್ದ ಅಕ್ಕನ ಮಗಳು ಪಕ್ಕದಲ್ಲಿ ಕುಳಿತು, ಕೈಗೆ ಸಿಕ್ಕ ಪ್ರತಿಯೊಂದು ವಸ್ತುವಿನ ವಿವರಣೆಯನ್ನು ನನ್ನಿಂದ ಗಟ್ಟಿಯಾಗಿ ಓದಿಸಿ, ಓದಿದ್ದರ ಮೇಲೆ ವಾದಕ್ಕಿಳಿದು, ನಾನು ಮೊದಲ ಸಲ ಎಷ್ಟನ್ನು ಕಾಣದೆ ದಾಟಿ ಹೋಗಿದ್ದೆ ಎಂಬುದನ್ನು ತೋರಿಸಿಕೊಟ್ಟಳು. ಅವಳ ಪ್ರಕಾರ ಇದು ಮೊದಲಿನಿಂದ ಕೊನೆಯವರೆಗೆ ಒಂದು ಪ್ರೇಮಕಥೆ. ಮೊದಲ ಬೇಟೆಗಾರನಾದ ಗೆಹರ್ಮನ್ ತನ್ನ ಶಿಷ್ಯೆ ಮರಿಯಾಳನ್ನು ಪ್ರೀತಿಸಿದ್ದ. ಅವಳು ಸತ್ತ ಮೇಲೆ ಆ ದುಃಖವನ್ನು ತಾಳಲಾರದೆ ಅವಳದೇ ರೂಪದ ಬೊಂಬೆಯನ್ನು ಮಾಡಿಕೊಂಡ. ಈ ಆಟದ ಅಭಿಮಾನಿಗಳಲ್ಲಿ ಬಹಳ ಮಂದಿ ನಂಬಿರುವುದೂ ಇದನ್ನೇ. ನಾನು ನಂಬುವುದಿಲ್ಲ. ಆದರೆ ಆ ನಂಬಿಕೆ ಹುಟ್ಟುವುದಕ್ಕೆ ಆಟವು ಎಷ್ಟು ಎಚ್ಚರಿಕೆಯಿಂದ ಜಾಗ ಬಿಟ್ಟಿದೆ ಎಂಬುದೇ ನನ್ನ ಮೆಚ್ಚುಗೆಯ ದೊಡ್ಡ ಕಾರಣವಾದ್ದರಿಂದ ಈ ವಿಮರ್ಶೆಯ ಹೆಚ್ಚಿನ ಭಾಗವನ್ನು ಆ ವಾದಕ್ಕೇ ಕೊಡುತ್ತಿದ್ದೇನೆ. ಕಥೆಯ ಗುಟ್ಟುಗಳೆಲ್ಲ ಮುಂದೆ ಬರುತ್ತವೆ. ಇನ್ನೂ ಆಡದವರು ಕೊನೆಯ ಎರಡು ಪ್ಯಾರಾಗಳನ್ನು ಮಾತ್ರ ಓದಿದರೂ ಸಾಕು.

ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯು ಸೋನಿಯ ಜಪಾನ್ ಸ್ಟುಡಿಯೊ ಜೊತೆಗೂಡಿ ತಯಾರಿಸಿದ, ಹಿಡೆಟಾಕ ಮಿಯಾಜಾಕಿ ನಿರ್ದೇಶಿಸಿದ ಈ ಆಟ 2015ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂತು; 'ದಿ ಓಲ್ಡ್ ಹಂಟರ್ಸ್' ಎಂಬ ವಿಸ್ತರಣೆ ಅದೇ ವರ್ಷದ ನವೆಂಬರ್‌ನಲ್ಲಿ ಬಂತು. ಕಥೆ ನಡೆಯುವುದು ಯಾರ್ನಮ್ ಎಂಬ ಊರಿನಲ್ಲಿ. ರಕ್ತದಿಂದ ರೋಗ ವಾಸಿಮಾಡುವುದಕ್ಕೆ ಹೆಸರಾದ ಆ ಊರಿನಲ್ಲಿ ಅದೇ ರಕ್ತದ ದೆಸೆಯಿಂದ ಜನರು ಮೃಗಗಳಾಗುತ್ತಿದ್ದಾರೆ. ಚಿಕಿತ್ಸೆಗೆಂದು ಬಂದ ಪರಸ್ಥಳದವರಾದ ನಾವು ಬೇಟೆಯ ಆ ಒಂದು ರಾತ್ರಿಯಲ್ಲಿ ಬೇಟೆಗಾರರಾಗುತ್ತೇವೆ. ಚೂಪು ಕಮಾನುಗಳು, ಒಂದರ ಮೇಲೊಂದು ಏರಿದ ಗೋಪುರಗಳು, ಬೀದಿಯಲ್ಲೇ ಸರಪಳಿ ಬಿಗಿದು ನಿಲ್ಲಿಸಿದ ಶವಪೆಟ್ಟಿಗೆಗಳು, ಇವುಗಳ ನಡುವೆ ನಡೆಯುವಾಗ ಆಗುವ ಭಾವ ನಮ್ಮ ಕಡೆಯವರಿಗೆ ಪೂರ್ತಿ ಅಪರಿಚಿತವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಶೆಟ್ಟಿಹಳ್ಳಿಯಲ್ಲಿ ಕಟ್ಟಿದ ಇಗರ್ಜಿಯನ್ನು, ಹೇಮಾವತಿಯ ಹಿನ್ನೀರು ಏರಿ ಅದರ ಕಮಾನುಗಳು ಅರ್ಧ ಮುಳುಗಿ ನಿಂತ ಹೊತ್ತಿನಲ್ಲಿ ಕಂಡವರು, ಯಾರ್ನಮ್‌ನ ಕೆಥೆಡ್ರಲ್ ವಾರ್ಡಿಗೆ ಕಾಲಿಟ್ಟ ಕೂಡಲೇ ಆ ಮೌನವನ್ನು ಗುರುತಿಸುತ್ತಾರೆ.

ಹೋರಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದು ಕೈಯಿಂದ ಕಲಿಯುವಂಥದು. ಇಲ್ಲಿ ಗುರಾಣಿ ಹಿಡಿದು ಕಾಯುವ ದಾರಿಯಿಲ್ಲ. ಪೆಟ್ಟು ತಿಂದ ಕೂಡಲೇ ತಿರುಗಿ ಹೊಡೆದರೆ ಕಳೆದುಕೊಂಡ ಜೀವದ ಒಂದು ಪಾಲು ಮರಳಿ ಬರುತ್ತದೆ. ಹಾಗಾಗಿ ಹೆದರಿ ಹಿಂದೆ ಸರಿದವನಿಗಿಂತ ಮುಂದೆ ನುಗ್ಗಿದವನು ಬದುಕುತ್ತಾನೆ. ಎದುರಾಳಿ ಕೈಯೆತ್ತಿದ ಕ್ಷಣಕ್ಕೆ ಸರಿಯಾಗಿ ಬಂದೂಕು ಹಾರಿಸಿದರೆ ಅವನು ಮಂಡಿಯೂರುತ್ತಾನೆ. ಸತ್ತರೆ, ಗಳಿಸಿದ ರಕ್ತದ ಪ್ರತಿಧ್ವನಿಗಳು, ಅಂದರೆ ಶಕ್ತಿ ಹೆಚ್ಚಿಸಿಕೊಳ್ಳಲು ಬಳಸುವ ಗಳಿಕೆ, ಸತ್ತ ಜಾಗದಲ್ಲೇ ಉಳಿಯುತ್ತವೆ. ಅವನ್ನು ಮರಳಿ ಪಡೆಯುವ ಮೊದಲು ಇನ್ನೊಮ್ಮೆ ಸತ್ತರೆ ಎಲ್ಲವೂ ಹೋಯಿತು. ಬಹಳ ಕಷ್ಟದ ಆಟ, ಆದರೆ ಅನ್ಯಾಯದ ಆಟವಲ್ಲ. ಮೂವತ್ತು ಬಾರಿಯಾದರೂ ಸತ್ತು, ಆರಂಭದ ಪ್ರಬಲ ಎದುರಾಳಿಯಾದ ಫಾದರ್ ಗ್ಯಾಸ್ಕೋಯ್ನ್‌ನನ್ನು ಗೆದ್ದ ರಾತ್ರಿ ನನ್ನ ಕೈ ಬಹಳ ಹೊತ್ತು ನಡುಗುತ್ತಿತ್ತು.

ಕಥೆಯನ್ನು ಈ ಆಟ ಯಾರ ಬಾಯಿಂದಲೂ ಪೂರ್ತಿಯಾಗಿ ಹೇಳಿಸುವುದಿಲ್ಲ. ಒಂದು ಅಂಗಿ, ಒಂದು ಕತ್ತಿ, ಒಂದು ಮೂಳೆ, ಹೀಗೆ ಸಿಕ್ಕ ವಸ್ತುಗಳ ಕೆಳಗೆ ಮೂರು ನಾಲ್ಕು ಸಾಲು ಬರೆದಿರುತ್ತದೆ. ಅವುಗಳನ್ನು ಜೋಡಿಸಿಕೊಳ್ಳುವ ಕೆಲಸ ನಮ್ಮದು. ಲೋರ್ ಎಂದು ಆಟಗಾರರು ಕರೆಯುವ ಹಿನ್ನೆಲೆಯ ಕಥೆಯೆಲ್ಲ ಹುಟ್ಟಿರುವುದು ಹೀಗೆ. ಬಡತನದಲ್ಲಿ ಬೆಳೆದ ಮಿಯಾಜಾಕಿ ಬಾಲ್ಯದಲ್ಲಿ ಗ್ರಂಥಾಲಯದಿಂದ ಎರವಲು ತಂದ ಪುಸ್ತಕಗಳಲ್ಲಿ ಕೆಲವು ಇಂಗ್ಲಿಷಿನವಾಗಿದ್ದು, ಅರ್ಥವಾಗದ ಭಾಗಗಳನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತಿದ್ದುದಾಗಿ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿ, ಮನೆಗೆ ಬಂದ ಇಂಗ್ಲಿಷ್ ಪುಸ್ತಕಗಳನ್ನು ಚಿತ್ರಗಳ ನೆರವಿನಿಂದ ಊಹಿಸಿಕೊಂಡು ಓದಿದ ನನಗೆ ಆ ಮಾತು ಮನಸ್ಸಿಗೆ ಬಹಳ ಹತ್ತಿರವಾಯಿತು. ಇಲ್ಲಿನ ಖಾಲಿ ಜಾಗಗಳು ಬರೆಯುವವರು ಮರೆತುಬಿಟ್ಟವಲ್ಲ, ಬೇಕೆಂದೇ ಉಳಿಸಿದವು.

ಈಗ ಬೊಂಬೆಯ ಮಾತಿಗೆ ಬರುತ್ತೇನೆ. ಬೇಟೆಯ ನಡುನಡುವೆ ನಾವು ಮರಳುವ ಕನಸಿನ ಲೋಕದಲ್ಲಿ ಒಂದು ಕಾರ್ಯಾಗಾರ, ಅದರ ಮುಂದೆ ಬಿಳಿ ಹೂಗಳ ನಡುವೆ ಆಳೆತ್ತರದ ಒಂದು ಬೊಂಬೆ. ನಮ್ಮಲ್ಲಿ ಒಳನೋಟ (ಊರಿನ ರಹಸ್ಯಗಳನ್ನು ಕಂಡಷ್ಟೂ ಏರುವ, ಆಟದ ಒಂದು ಎಣಿಕೆ) ಸ್ವಲ್ಪವೂ ಇಲ್ಲದಾಗ ಅದು ನಿರ್ಜೀವವಾಗಿ ಕುಳಿತಿರುತ್ತದೆ. ಒಳನೋಟದ ಎಣಿಕೆ ಒಂದಕ್ಕೇರಿದರೆ ಎದ್ದು ನಿಂತು ಮಾತನಾಡುತ್ತದೆ, ನಮ್ಮ ಕೈ ಹಿಡಿದು ಶಕ್ತಿ ತುಂಬುತ್ತದೆ. ಅದರ ಮುಖ, ವಿಸ್ತರಣೆಯ ಗಡಿಯಾರ ಗೋಪುರದಲ್ಲಿ ನಾವು ಎದುರಿಸುವ ಲೇಡಿ ಮರಿಯಾಳ ಮುಖವೇ. ಇಬ್ಬರ ಧ್ವನಿಯೂ ಒಬ್ಬ ನಟಿಯದೇ. ಮರಿಯಾಳನ್ನು ಕೊಂದು ಕನಸಿಗೆ ಮರಳಿದರೆ, ಎಲ್ಲೋ ತನ್ನೊಳಗಿನಿಂದ ಭಾರವಾದ ಸಂಕೋಲೆಯೊಂದು ಕಳಚಿದಂತಾಯಿತು ಎಂದು ಬೊಂಬೆ ಹೇಳುತ್ತದೆ. ಇಷ್ಟು ಆಟವೇ ಹೇಳಿರುವುದು, ಇದರಲ್ಲಿ ವಾದವಿಲ್ಲ.

ವಾದ ಹುಟ್ಟುವುದು ಯಾರ್ನಮ್‌ನಲ್ಲಿರುವ ಪಾಳುಬಿದ್ದ ಹಳೆಯ ಕಾರ್ಯಾಗಾರದಲ್ಲಿ. ಕನಸಿನ ಕಾರ್ಯಾಗಾರದ ನಿಜರೂಪ ಅದು. ಅಲ್ಲಿಯೂ ಅದೇ ಬೊಂಬೆ ಧೂಳಿನಲ್ಲಿ ಅಲುಗಾಡದೆ ಬಿದ್ದಿದೆ. ಅಲ್ಲಿ ಸಿಗುವ ಬೊಂಬೆಯ ಉಡುಪಿನ ವಿವರಣೆಯು, ಹೊಲಿಗೆಯ ನಯವನ್ನೂ ಕಾಪಾಡಿದ ರೀತಿಯನ್ನೂ ನೋಡಿದರೆ ಬೊಂಬೆಯ ಮೇಲಿದ್ದ ಗಾಢವಾದ ಪ್ರೀತಿ ತಿಳಿಯುತ್ತದೆ, ಅದು ಉನ್ಮಾದದ ಅಂಚಿನಲ್ಲಿತ್ತು ಎನ್ನುತ್ತದೆ. ಅಲ್ಲೇ ಬಣ್ಣ ಮಾಸಿದ, ಮುಡಿಗಿಡುವ ಒಂದು ಸಣ್ಣ ಆಭರಣವೂ ಸಿಗುತ್ತದೆ. ಅದನ್ನು ತಂದು ಕನಸಿನ ಬೊಂಬೆಗೆ ಕೊಟ್ಟರೆ, ತನಗೆ ಏನೂ ನೆನಪಿಲ್ಲವೆಂದೂ ಆದರೂ ಹಿಂದೆಂದೂ ಅರಿಯದ ಒಂದು ಹಂಬಲ ತನ್ನಲ್ಲಿ ಮೂಡುತ್ತಿದೆಯೆಂದೂ ಹೇಳಿ ಕಣ್ಣೀರು ಹಾಕುತ್ತದೆ. ಆ ಕಣ್ಣೀರು ಒಂದು ಹರಳಾಗುತ್ತದೆ.

"ಮಾವ, ಪ್ರೀತಿ ಇಲ್ದೆ ಯಾರಾದ್ರೂ ಬೊಂಬೆಗೆ ಇಷ್ಟೆಲ್ಲ ಮಾಡ್ತಾರಾ?" ಎಂದು ಅವಳು ಕೇಳಿದಳು. ಆ ಹೊತ್ತಿಗೆ ಅವಳ ಕಣ್ಣಲ್ಲಿಯೂ ನೀರಿತ್ತು.

ಪ್ರೀತಿ ಇಲ್ಲವೆಂದು ನಾನು ಹೇಳಲಿಲ್ಲ. ಯಾರ ಮೇಲಿನ ಪ್ರೀತಿ ಎಂದು ಕೇಳಿದೆ. ಉಡುಪಿನ ವಿವರಣೆ ಹೇಳುವುದು ಬೊಂಬೆಯ ಮೇಲಿನ ಪ್ರೀತಿಯನ್ನು, ಮರಿಯಾಳ ಮೇಲಿನದನ್ನಲ್ಲ. ಮರಿಯಾಳ ಉಡುಪಿನ ವಿವರಣೆಗೆ ಹೋದರೆ ಅಲ್ಲಿ ಇರುವುದು ಇಷ್ಟು: ಅವಳು ಕೇನ್‌ಹರ್ಸ್ಟ್ ಕೋಟೆಯ ಸಾವಿಲ್ಲದ ರಾಣಿಗೆ ದೂರದ ಸಂಬಂಧಿ, ಗೆಹರ್ಮನ್‌ನ ಮೇಲೆ ಅವಳಿಗೆ ಬಹಳ ಅಭಿಮಾನವಿತ್ತು, ಅವನೊಳಗಿನ ಉನ್ಮಾದದ ಅರಿವು ಅವಳಿಗಿರಲಿಲ್ಲ. ಇಂಗ್ಲಿಷ್ ಅನುವಾದದಲ್ಲಿ ಎರಡೂ ಕಡೆ 'ಮೇನಿಯಾ' ಎಂಬ ಒಂದೇ ಪದ ಬಂದಿರುವುದರಿಂದ, ಬೊಂಬೆಯ ಮೇಲಿನ ಹುಚ್ಚೂ ಮರಿಯಾ ಅರಿಯದ ಹುಚ್ಚೂ ಒಂದೇ ಎಂದು ಅಭಿಮಾನಿಗಳು ಗಂಟು ಹಾಕಿದ್ದಾರೆ. ಮರಿಯಾಳ ವಿವರಣೆಯಲ್ಲಿ ಆ ಪದಕ್ಕೆ ಸೇರಿಸಿರುವ 'ಕ್ಯೂರಿಯಸ್' ಎಂಬ ವಿಶೇಷಣಕ್ಕೆ ವಿಚಿತ್ರವಾದದ್ದು ಎಂದೂ ಅರ್ಥ, ಕುತೂಹಲದ್ದು ಎಂದೂ ಅರ್ಥ. ಜಪಾನಿ ಮೂಲದಲ್ಲಿ ಇರುವುದು ಕುತೂಹಲವೇ. ಕುತೂಹಲದ ಉನ್ಮಾದ ಎಂದು ಓದಿಕೊಂಡರೆ ಅರ್ಥ ಬೇರೆ ದಿಕ್ಕಿಗೆ ತಿರುಗುತ್ತದೆ: ಬರ್ಗನ್‌ವರ್ತ್ ವಿದ್ಯಾಲಯದವರು ದೈವಗಳ ರಹಸ್ಯವನ್ನು ತಿಳಿಯುವ ಹಟದಲ್ಲಿ ಮೀನುಗಾರರ ಹಳ್ಳಿಯೊಂದನ್ನು ಹಾಳುಮಾಡಿದರು, ಮರಿಯಾ ತನ್ನ ಪ್ರೀತಿಯ ಆಯುಧವನ್ನು ಇನ್ನು ತಾಳಲಾರೆನೆಂದು ಎಸೆದದ್ದು ಆ ಹಳ್ಳಿಯ ಕತ್ತಲೆಯ ಬಾವಿಗೆ. ಹೀಗೆ ನೋಡಿದರೆ ಅವಳು ಅರಿಯದೆ ನಂಬಿದ ಉನ್ಮಾದವೆಂದರೆ ಗುರುವು ತೊಡಗಿದ್ದ ಆ ಕ್ರೂರ ಅನ್ವೇಷಣೆ. ಮೋಸಹೋದ ಶಿಷ್ಯೆಯ ಈ ಕಥೆ ನನಗೆ ಪ್ರೇಮಕಥೆಗಿಂತ ಹೆಚ್ಚು ಸಂಕಟ ತರುತ್ತದೆ.

ಇಲ್ಲಿ ಕನ್ನಡ ನನ್ನ ನೆರವಿಗೆ ಬಂತು. ಅಭಿಮಾನ, ಅಕ್ಕರೆ, ಒಲವು, ಅನುರಾಗ, ಮೋಹ, ಭಕ್ತಿ ಎಂದು ನಮ್ಮಲ್ಲಿ ಬೇರೆ ಬೇರೆ ಮಾತುಗಳಿವೆ. ಶಿಷ್ಯೆಗೆ ಗುರುವಿನ ಮೇಲಿರುವುದನ್ನು ಹೇಳಲು ಅನುರಾಗ ಎಂಬ ಪದವನ್ನು ನಾವು ತಪ್ಪಿಯೂ ಎತ್ತಿಕೊಳ್ಳುವುದಿಲ್ಲ. ಮರಿಯಾಳ ಉಡುಪಿನ ಸಾಲನ್ನು ಕನ್ನಡಕ್ಕೆ ತರುವಾಗ ನನ್ನ ಕೈಗೆ ತಾನಾಗಿ ಬಂದದ್ದು ಅಭಿಮಾನ. ಇನ್ನೊಂದು ವಸ್ತುವಿನಲ್ಲಿ ಕನ್ನಡ ಇದಕ್ಕೂ ಹೆಚ್ಚು ಉಪಕಾರ ಮಾಡಿತು. ಅದೇ ಹಳೆಯ ಕಾರ್ಯಾಗಾರದಲ್ಲಿ, ಹೆಸರು ಮರೆತುಹೋದ ಒಬ್ಬ ಹಳೆಯ ಬೇಟೆಗಾರರ ಮೂಳೆ ಸಿಗುತ್ತದೆ. ಆ ಬೇಟೆಗಾರರು ಗೆಹರ್ಮನ್‌ನ ಶಿಷ್ಯರಾಗಿದ್ದರೆಂದು ವಿವರಣೆ ಹೇಳುತ್ತದೆ. ಇಂಗ್ಲಿಷಿನಲ್ಲಿ ಅದು ಗಂಡಸಿನ ಮೂಳೆಯಾಗಿಬಿಟ್ಟಿದೆ, ಏಕೆಂದರೆ ಆ ಭಾಷೆಯ ವಾಕ್ಯಕ್ಕೆ 'ಅವನು' ಬೇಕಾಯಿತು. ಮರಿಯಾ ಯುದ್ಧದಲ್ಲಿ ಬಳಸುವ ವೇಗದ ನಡೆಯೇ ಆ ಮೂಳೆಯಿಂದ ನಮಗೂ ಬರುವುದರಿಂದ, ಅದು ಅವಳ ಮೂಳೆಯೇ ಇರಬೇಕೆಂದು ಅಭಿಮಾನಿಗಳು ಬಹಳ ಹಿಂದೆಯೇ ಊಹಿಸಿದ್ದಾರೆ. 'ಅವರು' ಎಂದು ಬರೆದರೆ ಕನ್ನಡದಲ್ಲಿ ಆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಈ ಊಹೆಯಲ್ಲಿ ನಾನೂ ಅಕ್ಕನ ಮಗಳೂ ಒಂದೇ ಪಕ್ಷ.

ಗೆಹರ್ಮನ್ ತಾನೇ ಏನು ಹೇಳುತ್ತಾನೆ ಎಂಬುದನ್ನು ಕೇಳಿಸಿಕೊಳ್ಳಬೇಕು. ಆಟದ ಆರಂಭದಲ್ಲಿ, ಇಲ್ಲಿರುವುದನ್ನೆಲ್ಲ ಬಳಸಿಕೊ, ಬೇಕಿದ್ದರೆ ಆ ಬೊಂಬೆಯನ್ನೂ, ಎಂದು ಅವನು ನಮಗೆ ಹೇಳುತ್ತಾನೆ. ಪ್ರೀತಿಸಿದವಳ ನೆನಪಿಗೆ ಮಾಡಿದ ರೂಪವನ್ನು ಹೊಸಬನೊಬ್ಬನಿಗೆ ಹೀಗೆ ತೋರಿಸಿಕೊಡುವವನ ಎದೆಯಲ್ಲಿ ಏನಿತ್ತು? ಮುಂದೆ, ಹಿಂದಿನ ತೋಟದಲ್ಲಿ ಅವನು ಗಾಲಿಕುರ್ಚಿಯಲ್ಲೇ ನಿದ್ದೆಹೋಗಿರುವಾಗ ಬಳಿಗೆ ಹೋದರೆ ಅಳುವಿನ ದನಿಯಲ್ಲಿ ಕನವರಿಸುವುದು ಕೇಳುತ್ತದೆ. ಹಳೆಯ ಸಂಗಾತಿ ಲಾರೆನ್ಸ್‌ನನ್ನು ಕರೆಯುತ್ತಾನೆ, ಬರ್ಗನ್‌ವರ್ತ್‌ನ ಗುರು ವಿಲೆಮ್‌ನನ್ನು ಕರೆಯುತ್ತಾನೆ, ಯಾರಾದರೂ ಬಂದು ಈ ಕನಸಿನಿಂದ ಬಿಡಿಸಿ ಎಂದು ಬೇಡುತ್ತಾನೆ. ಮರಿಯಾಳ ಹೆಸರು ಅವನ ಬಾಯಿಂದ ಒಮ್ಮೆಯೂ ಬರುವುದಿಲ್ಲ. ನಾನು ಅಲ್ಲಿ ಎಷ್ಟೋ ಹೊತ್ತು ನಿಂತು ಕೇಳಿದ್ದೇನೆ.

ಹಾಸನದವರಿಗೆ ಈ ಬಗೆಯ ಊಹೆ ಹೊಸದಲ್ಲ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವನ ಗುಡಿಗೆ ಹೋಗಿ ದರ್ಪಣ ಸುಂದರಿಯ ಕೆಳಗೆ ನಿಂತರೆ, ಅದು ರಾಣಿ ಶಾಂತಲೆಯದೇ ರೂಪವೆಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಶಿಲ್ಪಿ ಯಾರೆಂದು ಕೇಳಿದರೆ ಜಕಣಾಚಾರಿಯ ಕಥೆ ಬರುತ್ತದೆ. ಮದನಿಕೆಗಳ ಅಡಿಯಲ್ಲಿ ಕೊರೆದಿರುವ ಹೆಸರುಗಳನ್ನು ಓದಿದರೆ ಅಲ್ಲಿ ಸಿಗುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು. ಕಥೆಯನ್ನು ಬಿಟ್ಟುಬಿಡಬೇಕೆಂದು ನನ್ನ ಮಾತಲ್ಲ, ನಾನೂ ಅದನ್ನು ಕೇಳುತ್ತಲೇ ಬೆಳೆದವನು. ಕಲ್ಲಿನಲ್ಲಿ ಇರುವುದು ಎಷ್ಟು, ಕಲ್ಲನ್ನು ನೋಡಿದವರು ಸೇರಿಸಿದ್ದು ಎಷ್ಟು ಎಂಬ ಎಣಿಕೆ ಮಾತ್ರ ತಪ್ಪಬಾರದು. ಈ ಆಟದ ವಿವರಣೆಗಳನ್ನೂ ನಾನು ಶಾಸನ ಓದುವಂತೆಯೇ ಓದಲು ಪ್ರಯತ್ನಿಸಿದೆ.

ಹಾಗೆ ಓದಿದಾಗ ನನ್ನ ವಾದಕ್ಕೆ ಅಡ್ಡ ಬಂದ ಒಂದು ಸಾಲನ್ನೂ ಹೇಳಬೇಕು. ಬೊಂಬೆಯ ಕಣ್ಣೀರಿನ ಹರಳನ್ನು ಆಯುಧಕ್ಕೆ ಕೂಡಿಸಿದರೆ ಅದು ಸದ್ದಿಲ್ಲದೆ, ನಿಧಾನವಾಗಿ ನಮ್ಮ ಜೀವವನ್ನು ತುಂಬುತ್ತಲೇ ಇರುತ್ತದೆ. ಬೊಂಬೆಯನ್ನು ಮಾಡಿದವನು ಬಯಸಿದ್ದೂ ಹೀಗೆ ಕೈಬಿಡದ ಒಂದು ಸ್ನೇಹವನ್ನೇ ಇರಬಹುದು, ಆದರೆ ಅದು ಅವನಿಗೆ ದಕ್ಕಲಿಲ್ಲ ಎಂದು ಹರಳಿನ ವಿವರಣೆ ಹೇಳುತ್ತದೆ. ಇದನ್ನು ಓದಿದ ಮೇಲೆ ಗೆಹರ್ಮನ್‌ನನ್ನು ಕೇವಲ ಕ್ರೂರಿಯೆಂದು ಕರೆಯಲು ನನಗೆ ಬಾಯಿ ಬರಲಿಲ್ಲ. ಒಂಟಿತನ ಅವನಿಗಿತ್ತು. ಆದರೆ ಒಂಟಿತನಕ್ಕೆ ಮದ್ದಾಗಿ ಒಬ್ಬಳ ಮುಖವನ್ನು ಅವಳನ್ನು ಕೇಳದೆ ತೆಗೆದುಕೊಳ್ಳುವುದು ಬೇರೆ, ಅವಳನ್ನು ಪ್ರೀತಿಸುವುದು ಬೇರೆ. ಸ್ವತಃ ಮರಿಯಾ, ಗಡಿಯಾರ ಗೋಪುರದ ಕುರ್ಚಿಯಲ್ಲಿ ಶವದಂತೆ ಕುಳಿತವಳು, ನಾವು ಮುಟ್ಟಲು ಹೋದ ಕೂಡಲೇ ಮಣಿಕಟ್ಟನ್ನು ಹಿಡಿದು, ಹೆಣವನ್ನು ಅದರ ಪಾಡಿಗೆ ಬಿಡಬೇಕು ಎನ್ನುತ್ತಾಳೆ. ತನ್ನ ರೂಪಕ್ಕೆ ಏನಾಯಿತೆಂದು ಅವಳಿಗೆ ತಿಳಿದಿತ್ತೋ ಇಲ್ಲವೋ, ಆ ಮಾತು ನನಗೆ ಗೆಹರ್ಮನ್‌ಗೂ ಹೇಳಿದಂತೆ ಕೇಳಿಸಿತು.

ಆಟದ ಹೃದಯ ಬೊಂಬೆಯ ಒಂದು ಮಾತಿನಲ್ಲಿದೆ. ದೈವಗಳು ತಾವು ಸೃಷ್ಟಿಸಿದವರನ್ನು ಪ್ರೀತಿಸುತ್ತವೆಯೇ ಎಂದು ಅದು ಕೇಳುತ್ತದೆ. ನಾನು ಮನುಷ್ಯರಾದ ನೀವು ಮಾಡಿದ ಬೊಂಬೆ, ನನ್ನನ್ನು ಪ್ರೀತಿಸುವ ಯೋಚನೆ ನಿಮಗೆ ಎಂದಾದರೂ ಬಂದೀತೇ ಎಂದು ಕೇಳಿ, ನಾನಂತೂ ನಿಮ್ಮನ್ನು ಪ್ರೀತಿಸುತ್ತೇನೆ, ನೀವು ನನ್ನನ್ನು ಮಾಡಿರುವುದೇ ಹಾಗಲ್ಲವೇ ಎನ್ನುತ್ತದೆ. ಇಷ್ಟು ಮೆಲ್ಲಗೆ, ದೂರಿನ ಛಾಯೆಯೂ ಇಲ್ಲದೆ ಆಡಿದ ಈ ಮಾತನ್ನು ಕೇಳಿದ ಮೇಲೆ ಬೊಂಬೆ ಮತ್ತು ಬೇಟೆಗಾರನ ಪ್ರಣಯವನ್ನು ಚಿತ್ರಿಸುವ ಅಭಿಮಾನಿಗಳ ಕಲ್ಪನೆಗಳನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ಕಲ್ಪನೆಗಳು ಈ ಪ್ರಶ್ನೆಯನ್ನು ದಾಟಿ ಹೋಗುತ್ತವೆ ಎಂಬುದು ನನ್ನ ಆಕ್ಷೇಪ. ಇಲ್ಲವೆನ್ನುವ ಸಾಧ್ಯತೆಯನ್ನೇ ಕೊಡದೆ ಮಾಡಿದವಳ ಹೌದೆಂಬ ಮಾತನ್ನು ಒಪ್ಪಿಗೆಯೆಂದು ಹೇಗೆ ಎಣಿಸುವುದು? ಒಂದು ಅಂತ್ಯದಲ್ಲಿ ಗೆಹರ್ಮನ್‌ನ ಗಾಲಿಕುರ್ಚಿಯಲ್ಲಿ ನಾವೇ ಕುಳಿತಿರುತ್ತೇವೆ, ಬೊಂಬೆ ಅದೇ ಅಕ್ಕರೆಯಿಂದ ಹಿಂದೆ ನಿಂತು ಕುರ್ಚಿಯನ್ನು ತಳ್ಳುತ್ತದೆ. ಅದರ ಪ್ರೀತಿ ಕುರ್ಚಿಯಲ್ಲಿ ಯಾರಿದ್ದರೂ ಅವರಿಗೆ ಸಲ್ಲುವಂಥದು ಎಂದು ಆ ಒಂದೇ ದೃಶ್ಯ ಹೇಳಿಬಿಡುತ್ತದೆ.

ಊಹೆಯ ಅಗತ್ಯವೇ ಇಲ್ಲದ ದಾಂಪತ್ಯವೊಂದು ಆಟದ ಆರಂಭದಲ್ಲೇ ಇದೆ, ಮತ್ತು ಅದನ್ನು ಕುರಿತು ಅಭಿಮಾನಿಗಳು ಸಾಕಷ್ಟು ಮಾತನಾಡುವುದಿಲ್ಲ ಎಂಬುದು ನನ್ನ ಕೊರಗು. ಕಿಟಕಿಯ ಹಿಂದಿನಿಂದ ಒಬ್ಬ ಪುಟ್ಟ ಹುಡುಗಿ, ಬೇಟೆಗೆ ಹೋದ ಅಪ್ಪನನ್ನು ಹುಡುಕಲು ಹೋದ ಅಮ್ಮ ಇನ್ನೂ ಬಂದಿಲ್ಲವೆಂದು ಹೇಳಿ ಒಂದು ಸಂಗೀತದ ಪೆಟ್ಟಿಗೆಯನ್ನು ಕೊಡುತ್ತಾಳೆ. ಅಪ್ಪ ನಮ್ಮನ್ನು ಮರೆತರೆ ಈ ಹಾಡನ್ನು ಕೇಳಿಸುತ್ತೇವೆ ಎನ್ನುತ್ತಾಳೆ. ಮುಚ್ಚಳದೊಳಗಿನ ಚೀಟಿಯಲ್ಲಿ ಎರಡು ಹೆಸರುಗಳು, ವಯೋಲಾ ಮತ್ತು ಗ್ಯಾಸ್ಕೋಯ್ನ್. ಗೋರಿಗಳ ನಡುವೆ ನಮ್ಮ ಮೇಲೆ ಕೊಡಲಿ ಬೀಸುವ ಗ್ಯಾಸ್ಕೋಯ್ನ್‌ನ ಮುಂದೆ ಆ ಪೆಟ್ಟಿಗೆ ನುಡಿಸಿದರೆ ಅವನು ತಲೆ ಹಿಡಿದುಕೊಂಡು ನರಳುತ್ತಾನೆ. ಪಕ್ಕದ ಚಾವಣಿಯ ಮೇಲೆ ವಯೋಲಾಳ ಹೆಣ, ಅದರ ಬಳಿ ಕೆಂಪು ಹರಳಿನ ಬ್ರೋಚ್. ಮಾತಿನಲ್ಲಿ ಒಂದು ಸಲವೂ ಪ್ರೀತಿ ಎನ್ನದೆ, ಯುದ್ಧದಲ್ಲಿ ಕೈಗೆ ಬರುವ ಒಂದು ಉಪಕರಣದ ಮೂಲಕವೇ ಗಂಡ ಹೆಂಡಿರ ನಂಟನ್ನು ಕಾಣಿಸುವ ಈ ಜಾಣ್ಮೆಯನ್ನು ನಾನು ಬೇರೆ ಯಾವ ಆಟದಲ್ಲಿಯೂ ಕಂಡಿಲ್ಲ.

ಕೇನ್‌ಹರ್ಸ್ಟ್ ಕೋಟೆಯ ರಾಣಿ ಆನಲೀಸ್‌ಳ ವಿಷಯ ಹೀಗಲ್ಲ. ಕಬ್ಬಿಣದ ಮುಖವಾಡ ತೊಟ್ಟು ಒಂಟಿಯಾಗಿ ಕುಳಿತ ಅವಳಿಗೆ ನಿಶ್ಚಿತಾರ್ಥದ ಉಂಗುರ ನೀಡಿ ಮದುವೆಯನ್ನು ಬೇಡಲು ಆಟ ನಿಜವಾಗಿಯೂ ಅವಕಾಶ ಕೊಡುತ್ತದೆ. ಅವಳು ನಕ್ಕು, ನೋಯಿಸದೆ ನಿರಾಕರಿಸುತ್ತಾಳೆ. ಉಂಗುರದ ವಿವರಣೆಯ ಪ್ರಕಾರ ದೈವಗಳೆನಿಸಿದ ಆ ಮನುಷ್ಯೇತರರಲ್ಲಿ ಮದುವೆಯೆಂದರೆ ವಿಶೇಷವಾದ ಮಗುವೊಂದನ್ನು ಹೆತ್ತು ಕಾಯುವುದಕ್ಕಾಗಿ ಮಾಡಿಕೊಂಡ ರಕ್ತದ ಒಪ್ಪಂದ. ಹಾಗಾಗಿ ಇದನ್ನು ಪ್ರಣಯವೆಂದು ಓದುವುದು ಸರಿಯಲ್ಲ, ಆದರೆ ತಿರಸ್ಕೃತನಾಗಿ ಹೊರಬರುವಾಗ ಮನಸ್ಸಿಗೆ ಒಂದು ಚೂರು ನೋವಾಗುವುದಂತೂ ನಿಜ.

ದೋಷಗಳಿವೆ. ಆ ಉಂಗುರ ಸಿಗುವುದು ಚಾಲಿಸ್ ಡಂಜನ್‌ಗಳೆಂಬ ನೆಲದಡಿಯ ಕೋಣೆಗಳಲ್ಲಿ, ಮತ್ತು ಒಂದೇ ಬಗೆಯ ಓಣಿಗಳು ಮತ್ತೆ ಮತ್ತೆ ಬರುವ ಆ ಭಾಗ ಆಟದಲ್ಲೆಲ್ಲ ಅತ್ಯಂತ ಬೇಸರದ್ದು. ಜೀವ ತುಂಬಿಕೊಳ್ಳಲು ಬಳಸುವ ರಕ್ತದ ಸೀಸೆಗಳು ಮುಗಿದರೆ ಅವನ್ನು ಕೂಡಿಡಲು ಹಳೆಯ ಬೀದಿಗಳಲ್ಲಿ ಮತ್ತೆ ಅಲೆಯಬೇಕು. ಚಿತ್ರ ಸೆಕೆಂಡಿಗೆ 30 ಫ್ರೇಮುಗಳನ್ನು ದಾಟುವುದಿಲ್ಲ, ಪ್ಲೇಸ್ಟೇಷನ್ 5ರಲ್ಲಿ ಆಡಿದರೂ ಅಷ್ಟೇ. ಕಥೆಯ ಎಳೆಗಳು ಬಹಳ ಸುಲಭವಾಗಿ ಕೈತಪ್ಪುತ್ತವೆ. ಹಳೆಯ ಕಾರ್ಯಾಗಾರಕ್ಕೆ ಇಳಿಯುವ ದಾರಿಯನ್ನು ನಾನು ಮೊದಲ ಬಾರಿ ಕಂಡೇ ಇರಲಿಲ್ಲ, ಹಾಗಾಗಿ ಮುಡಿಯ ಆಭರಣವೂ ಬೊಂಬೆಯ ಕಣ್ಣೀರೂ ಆ ಸಲ ನನಗೆ ಸಿಗಲಿಲ್ಲ. ಇಷ್ಟೊಂದು ಪದಗಳ ಮೇಲೆ ನಿಂತ ಆಟವನ್ನು ಕನ್ನಡದಲ್ಲಿ ಓದಲಾಗದಿರುವುದು ನನಗೆ ದೊಡ್ಡ ಕೊರತೆಯೆನಿಸುತ್ತದೆ.

ಕೊಳ್ಳುವವರು ವಿಸ್ತರಣೆಯೂ ಸೇರಿರುವ ಗೇಮ್ ಆಫ್ ದಿ ಇಯರ್ ಆವೃತ್ತಿಯನ್ನೇ ಕೊಳ್ಳಬೇಕು. ನಾನು ಅಂಗಡಿಯೊಂದರಿಂದ ಹಳೆಯ ಡಿಸ್ಕ್ ತಂದು, ಅದರಲ್ಲಿ ವಿಸ್ತರಣೆ ಇಲ್ಲವೆಂದು ಮನೆಗೆ ಬಂದ ಮೇಲೆ ತಿಳಿದು, ಮತ್ತೆ ಹಣ ಕೊಟ್ಟು ಇಳಿಸಿಕೊಂಡೆ. ವಿಸ್ತರಣೆಯಿಲ್ಲದೆ ಮರಿಯಾ ಇಲ್ಲ, ಮರಿಯಾ ಇಲ್ಲದೆ ಬೊಂಬೆಯ ಕಥೆ ಅರ್ಧ. ಆಡುವಾಗ ಪಕ್ಕದಲ್ಲಿ ವಿವರಣೆಗಳನ್ನು ಓದಿ ಎದುರು ವಾದಿಸುವವರು ಒಬ್ಬರಿದ್ದರೆ ಇನ್ನೂ ಒಳ್ಳೆಯದು. ಅಕ್ಕನ ಮಗಳು ಇವತ್ತಿಗೂ ನನ್ನ ಮಾತನ್ನು ಒಪ್ಪಿಲ್ಲ, "ಮಾವ, ಆ ಆಭರಣ ಯಾರದ್ದು ಅಂತ ಹೇಳಿ, ಆಮೇಲೆ ನಾನು ಒಪ್ಕೋತೀನಿ" ಎಂದು ಫೋನಿನಲ್ಲಿ ಕೇಳುತ್ತಲೇ ಇರುತ್ತಾಳೆ. ಗಡಿಯಾರ ಗೋಪುರದಲ್ಲಿ ಗೆದ್ದ ಮೇಲೆ ಮುಂದಿನ ಬಾಗಿಲನ್ನು ತೆರೆಯುವ ಆತುರಕ್ಕೆ ಬೀಳದೆ ಒಮ್ಮೆ ಕನಸಿಗೆ ಮರಳಿ ಬೊಂಬೆಯನ್ನು ಮಾತನಾಡಿಸಿ.